ಕಪ್ಪು ತುಂಬಿದ ಪೆನ್ ಚಿತ್ರದಲ್ಲಿ ಬೆಳಕು ಉಳಿಸಿಕೊಳ್ಳುವುದು ಹೇಗೆ

ಪೆನ್ನಿನಲ್ಲಿ ರಾತ್ರಿಯ ಚಿತ್ರ ಬರೆಯಲು ಹೊರಟವರ ಹಾಳೆಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಗತಿ ಬರುತ್ತದೆ. ಒಂದೋ ಎಲ್ಲ ಕಡೆ ಗೆರೆ ತುಂಬಿಕೊಂಡು ಇಡೀ ಹಾಳೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ರಾತ್ರಿಯೂ ಅಲ್ಲ, ಹಗಲೂ ಅಲ್ಲ. ಇಲ್ಲವೇ ಹೆದರಿ ಹೆದರಿ ಅಲ್ಲೊಂದು ಇಲ್ಲೊಂದು ಕಪ್ಪು ಇಟ್ಟು, ಬರೀ ಔಟ್‌ಲೈನ್ ಚಿತ್ರದ ನಡುವೆ ಆ ಕಪ್ಪುಗಳು ಸಂಬಂಧವಿಲ್ಲದೆ ಕೂರುತ್ತವೆ. ಎರಡಕ್ಕೂ ಕಾರಣ ಒಂದೇ. ಬರೆಯಲು ಕೂತಾಗ ಕತ್ತಲನ್ನು ಎಲ್ಲಿ ತುಂಬಲಿ ಎಂದು ಲೆಕ್ಕ ಹಾಕುತ್ತೇವೆ. ಹಾಳೆಯನ್ನು ಎಲ್ಲಿ ಮುಟ್ಟದೆ ಬಿಡಲಿ ಎಂದು ಕೇಳಿಕೊಳ್ಳುವುದೇ ಇಲ್ಲ.

ಪೆನ್ಸಿಲ್ಲಿಗೆ ರಬ್ಬರ್ ಇದೆ. ಎಣ್ಣೆಬಣ್ಣದಲ್ಲಿ ಕಪ್ಪಿನ ಮೇಲೆ ಬಿಳಿ ಹಚ್ಚಬಹುದು. ಪೆನ್ನು ಹಿಡಿದವರಿಗೆ ಇರುವ ಬೆಳಕು ಅಂಗಡಿಯಿಂದ ತಂದ ಹಾಳೆಯ ಬಿಳುಪು ಮಾತ್ರ. ಅದು ಬ್ಯಾಂಕಿನಲ್ಲಿರುವ ದುಡ್ಡಿನ ಹಾಗೆ: ಖರ್ಚು ಮಾಡಬಹುದು, ಮತ್ತೆ ಜಮೆ ಆಗುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳೆಲ್ಲ ಬಿಳುಪನ್ನು ಜಿಪುಣರಂತೆ ಕಾಯುವುದರ ಬಗ್ಗೆಯೇ ಇವೆ.

ಬರೀ ತತ್ವ ಹೇಳಿದರೆ ಕೈಗೆ ಹತ್ತುವುದಿಲ್ಲ, ಒಂದು ಚಿತ್ರ ಇಟ್ಟುಕೊಂಡೇ ಮಾತಾಡೋಣ. ಬೆಂಗಳೂರಿನ ಕೆ.ಆರ್. ಮಾರ್ಕೆಟ್, ಬೆಳಗಿನ ಜಾವ ಐದು ಗಂಟೆ. ವೈರಿನ ತುದಿಯಲ್ಲಿ ನೇತಾಡುವ ಒಂದು ಎಲ್‌ಇಡಿ ಬಲ್ಬು. ಅದರ ಕೆಳಗೆ ಹಳದಿ ಸೇವಂತಿಗೆಯ ರಾಶಿ, ಪಕ್ಕದಲ್ಲಿ ಬಿಡಿ ಗುಲಾಬಿ ತುಂಬಿದ ಬಿದಿರುಬುಟ್ಟಿ, ಹಿಂದೆ ನೀಲಿ ಟಾರ್ಪಾಲು. ರಾಶಿಯ ಬದಿಯಲ್ಲಿ ಹೂ ಕಟ್ಟುತ್ತಾ ಕೂತ ಹೆಂಗಸು. ಆಚೆ ಕತ್ತಲಲ್ಲಿ ಮೂಟೆ ಹೊತ್ತು ಹಾದುಹೋಗುವ ಹಮಾಲಿ. ನೆಲ ಒದ್ದೆ, ಅಲ್ಲಿ ಅದು ಯಾವಾಗಲೂ ಒದ್ದೆಯೇ.

ಸಾಮಾನು

ಇದಕ್ಕೆ ಹೆಚ್ಚು ಬೇಕಿಲ್ಲ. ಒಂದು ಸಣ್ಣ ಮೊನೆಯ ಪೆನ್ನು, ಒಂದು ದಪ್ಪ ಮೊನೆಯದು, ದೊಡ್ಡ ಕಪ್ಪು ತುಂಬಲು ಬ್ರಷ್ ಪೆನ್ನು ಅಥವಾ ಕುಂಚ ಮತ್ತು ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕು. ಮೈಕ್ರಾನ್ ಎಂಬ ಬ್ರ್ಯಾಂಡಿನ ಡ್ರಾಯಿಂಗ್ ಪೆನ್ನು ಕೊಳ್ಳುವವರು ಒಂದು ವಿಷಯ ಗಮನಿಸಿ: ಮುಚ್ಚಳದ ಮೇಲಿನ ನಂಬರು ಮಿಲಿಮೀಟರ್ ಅಲ್ಲ. 005 ಎಂದರೆ 0.20 ಮಿ.ಮೀ. ಗೆರೆ, 01 ಎಂದರೆ 0.25, 05 ಎಂದರೆ 0.45. ಹಾಗಾಗಿ 005 ಮತ್ತು 01 ಎರಡನ್ನೂ ಕೊಂಡರೆ ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಕಾಣದು. 01 ಮತ್ತು 05 ಜೋಡಿ ಸಾಕು.

ಜೆಲ್ ಪೆನ್ನಿನ ಕಪ್ಪು ದಟ್ಟವಾಗಿ ಬಂದರೂ ಒಣಗಲು ತಡ. ಅಂಗೈಗೆ ಅಂಟಿಕೊಂಡು ನೀವು ಕಾದಿಟ್ಟ ಬಿಳಿ ಜಾಗದ ಮೇಲೇ ಹೋಗಿ ಕೂರುತ್ತದೆ. ಯಾವ ಪೆನ್ನಾದರೂ ಅಂಗೈ ಕೆಳಗೆ ಒಂದು ತುಂಡು ಕಾಗದ ಇರಲಿ. ಬಾಲ್ ಪೆನ್ನಿನ ಸ್ವಭಾವವೇ ಬೇರೆ. ಒತ್ತಡ ಕಮ್ಮಿ ಮಾಡಿದರೆ ಪೆನ್ಸಿಲ್ಲಿನಂತೆ ತೆಳು ಬೂದು ಕೊಡುತ್ತದೆ, ಆದರೆ ಮೊನೆಯಲ್ಲಿ ಮಸಿ ಮುದ್ದೆ ಕಟ್ಟುತ್ತದೆ. ನಾಲ್ಕಾರು ಗೆರೆಗೊಮ್ಮೆ ಮೊನೆಯನ್ನು ರದ್ದಿ ಕಾಗದಕ್ಕೆ ಒರೆಸಿಕೊಳ್ಳುವುದು ರೂಢಿಯಾಗಬೇಕು.

ಹಾಳೆ 150 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ) ಕಮ್ಮಿ ಬೇಡ. ಜೆರಾಕ್ಸ್ ಕಾಗದ 70–80 ಜಿಎಸ್‌ಎಂ ಇರುತ್ತದೆ. ಎರಡನೇ ಪದರ ಗೆರೆಗೇ ಮೇಲ್ಮೈ ಎದ್ದು ನೂಲುನೂಲಾಗುತ್ತದೆ. ಮೇಲ್ಮೈ ನಯವಾಗಿರಲಿ. ಜಲವರ್ಣದ ತರಕಲು ಹಾಳೆಯಲ್ಲಿ ಸಣ್ಣ ಮೊನೆ ಎಡವುತ್ತದೆ. ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ದಪ್ಪ ಕಾರ್ಟ್ರಿಡ್ಜ್ ಹಾಳೆಯನ್ನು ಬಿಡಿಯಾಗಿ ಕೇಳಿ, ಬೆರಳಿಂದ ಸವರಿ ನೋಡಿಯೇ ತನ್ನಿ. ಮಳೆಗಾಲದಲ್ಲಿ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ. ತೇವ ಕುಡಿದ ಹಾಳೆಯಲ್ಲಿ ಗೆರೆಯ ಅಂಚು ಹರಡುತ್ತದೆ.

ಮೊದಲು ಬೆಳಕಿನ ಮೂಲ ಹುಡುಕಿ

ಕಣ್ಣು ಅರ್ಧ ಮುಚ್ಚಿ ನೋಡಿ. ಡ್ರಾಯಿಂಗ್ ಮೇಷ್ಟ್ರುಗಳೆಲ್ಲ ಹೇಳುವ ಮಾತು, ಕೇಳಿ ಕೇಳಿ ಸವೆದಿದೆ, ಆದರೂ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಸಿಕ್ಕಿಲ್ಲ. ಹೂವಿನ ಎಸಳು, ಬುಟ್ಟಿಯ ಹೆಣಿಗೆ, ಸೀರೆಯ ಅಂಚು ಎಲ್ಲ ಕರಗಿ ನಾಲ್ಕೈದು ತುಂಡು ಬೆಳಕು-ಕತ್ತಲೆ ಮಾತ್ರ ಉಳಿಯುತ್ತವೆ. ನೀವು ಬರೆಯಬೇಕಾದದ್ದು ಆ ತುಂಡುಗಳನ್ನು.

ಮಾರ್ಕೆಟ್ಟಿನಲ್ಲಿ ಬಣ್ಣ ಬಹಳ ಮೋಸ ಮಾಡುತ್ತದೆ. ಕೆಂಪು ಗುಲಾಬಿ ಮತ್ತು ಅದರ ಹಸಿರೆಲೆ ಕಣ್ಣಿಗೆ ಹಗಲು-ರಾತ್ರಿಯಷ್ಟು ಬೇರೆ; ಕಪ್ಪು-ಬಿಳುಪಿನಲ್ಲಿ ಹೆಚ್ಚುಕಡಿಮೆ ಒಂದೇ ಬೂದು. ಹಳದಿ ಸೇವಂತಿಗೆ ಬಿಳಿ ಮಲ್ಲಿಗೆಗೆ ಹತ್ತಿರ ಬಂದುಬಿಡುತ್ತದೆ. ನಂಬಿಕೆ ಬಾರದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ಮೋನೋ ಫಿಲ್ಟರ್ ಹಾಕಿ. ಆದರೆ ಇವತ್ತಿನ ಫೋನುಗಳಿಗೆ ಕತ್ತಲನ್ನು ಕಂಡರಾಗದು. ನೈಟ್ ಮೋಡ್ ತಾನಾಗಿ ನೆರಳನ್ನೆಲ್ಲ ಎತ್ತಿ ತೋರಿಸುತ್ತದೆ. ಅದನ್ನು ಆಫ್ ಮಾಡಿ, ಪರದೆಯಲ್ಲಿ ಬೆಳಗಿರುವ ಹೂವಿನ ಮೇಲೆ ಬೆರಳಿಟ್ಟು, ಬೆಳಕಿನ ಗುರುತನ್ನು ಕೆಳಗೆಳೆದು ಆಮೇಲೆ ಕ್ಲಿಕ್ ಮಾಡಿ. ನೆರಳು ಆಗ ನೆರಳಾಗಿಯೇ ಸಿಗುತ್ತದೆ.

ಫೋಟೋ ತೆಗೆಯುವ ಮುಂಚೆ ಕೇಳಿ. ಹೂವನ್ನೂ ಕೊಳ್ಳಿ. ಸ್ಕೆಚ್ ಪುಸ್ತಕ ಹಿಡಿದು ದಾರಿಗೆ ಅಡ್ಡ ನಿಂತವರಿಗೆ ಅಲ್ಲಿ ಸಿಗುವ ಮಾತು ಹೀಗಿರುತ್ತದೆ: "ಏನಣ್ಣಾ, ಆಗ್ಲಿಂದ ಬರ್ಕೋತಾನೇ ಇದೀಯ, ಹೂ ಬೇಡ್ವಾ?" ಅದಕ್ಕೆ "ಎರಡು ಮೊಳ ಕೊಡಕ್ಕ" ಎನ್ನುವುದೇ ಸರಿಯಾದ ಉತ್ತರ. ಆಮೇಲೆ ಅರ್ಧ ಗಂಟೆ ಯಾರೂ ಎಬ್ಬಿಸುವುದಿಲ್ಲ.

ಈಗ ಬಲ್ಬು. ಬಲ್ಬಿನಿಂದ ದೂರ ಹೋದಂತೆ ಬೆಳಕು ನಾವು ಅಂದುಕೊಂಡದ್ದಕ್ಕಿಂತ ಬೇಗ ಸೊರಗುತ್ತದೆ. ಎರಡು ಅಡಿ ದೂರದಲ್ಲಿ ಬೀಳುವ ಬೆಳಕಿಗಿಂತ ನಾಲ್ಕು ಅಡಿ ದೂರದಲ್ಲಿ ಬೀಳುವುದು ಅರ್ಧವಲ್ಲ, ಕಾಲು ಭಾಗ. ಆರು ಅಡಿಗೆ ಒಂಬತ್ತರಲ್ಲೊಂದು ಪಾಲು. ಸೇವಂತಿಗೆ ರಾಶಿಯ ನೆತ್ತಿ ಬಲ್ಬಿಗೆ ಎರಡು ಅಡಿ ಹತ್ತಿರವಿದ್ದು, ಹಿಂದಿನ ಟಾರ್ಪಾಲು ಆರು ಅಡಿ ದೂರವಿದ್ದರೆ ಟಾರ್ಪಾಲನ್ನು ಧೈರ್ಯವಾಗಿ ಕತ್ತಲಿಗೆ ತಳ್ಳಬಹುದು. ಹೊಸಬರ ಚಿತ್ರದಲ್ಲಿ ಬಲ್ಬು ಇರುತ್ತದೆ, ಆದರೆ ಬೆಳಕು ಮಾತ್ರ ಅಂಗಡಿಯೆಲ್ಲ ಸಮನಾಗಿ ಹರಡಿರುತ್ತದೆ. ಚಿತ್ರ ಸಪ್ಪೆಯಾಗುವುದು ಅಲ್ಲೇ.

ನೆರಳಿನ ದಿಕ್ಕೂ ಹಾಗೆಯೇ. ಸೂರ್ಯನ ನೆರಳುಗಳೆಲ್ಲ ಒಂದೇ ದಿಕ್ಕಿಗೆ ಬೀಳುತ್ತವೆ. ಬಲ್ಬಿನ ನೆರಳು ಸುತ್ತಲೂ ಚದುರುತ್ತದೆ. ಬಲ್ಬಿನ ನೇರ ಕೆಳಗೆ ನೆಲದ ಮೇಲೆ ಒಂದು ಚುಕ್ಕೆ ಗುರುತಿಸಿ. ಆ ಚುಕ್ಕೆಯಿಂದ ಬುಟ್ಟಿಯ ಬುಡದ ಮೂಲಕ ಒಂದು ಗೆರೆ ಎಳೆಯಿರಿ, ಬಲ್ಬಿನಿಂದಲೇ ಬುಟ್ಟಿಯ ಬಾಯಿಯ ಮೂಲಕ ಇನ್ನೊಂದು. ಎರಡೂ ಕೂಡುವ ಜಾಗದಲ್ಲಿ ನೆರಳು ಮುಗಿಯುತ್ತದೆ. ಪೆನ್ಸಿಲ್ಲಿನಲ್ಲಿ ಎರಡು ನಿಮಿಷದ ಕೆಲಸ. ಬುಟ್ಟಿ ನೆಲದ ಮೇಲೆ ಕೂತಂತೆ ಕಾಣುವುದು ಇದರಿಂದಲೇ.

ಹಗಲಿನ ಚಿತ್ರ ಬರೆಯುವವರಿಗೂ ಒಂದು ಮಾತು. ಬೆಂಗಳೂರಿನಲ್ಲಿ ಏಪ್ರಿಲ್ 24–25 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಮಧ್ಯಾಹ್ನ 12.20ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ನೇರ ಬಂದು ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಅದೇ ಡಿಸೆಂಬರ್ ಕೊನೆಯ ಮಧ್ಯಾಹ್ನ ನೆರಳು ಕಂಬದ ಎತ್ತರದ ಮುಕ್ಕಾಲು ಭಾಗ ಉದ್ದ ಬೀಳುತ್ತದೆ. ನೆರಳು-ಬೆಳಕು ಕಲಿಯಲು ನಮ್ಮೂರಿನ ಚಳಿಗಾಲ ಒಳ್ಳೆಯದು ಎನ್ನುವುದು ಬರೀ ಹವೆಯ ಕಾರಣಕ್ಕಲ್ಲ.

ವಿಸಿಟಿಂಗ್ ಕಾರ್ಡಿನಷ್ಟು ಚಿಕ್ಕ ಚಿತ್ರ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಲೇಖನದಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ.

ವಿಸಿಟಿಂಗ್ ಕಾರ್ಡಿನ ಅಳತೆಯ ಚೌಕಟ್ಟು ಹಾಕಿ. ದಪ್ಪ ಮಾರ್ಕರ್ ತಗೊಳ್ಳಿ, ಸಣ್ಣ ಪೆನ್ನು ಬೇಡ. ಮೂರೇ ಬಣ್ಣ: ಹಾಳೆಯ ಬಿಳಿ, ಪೂರ್ತಿ ಕಪ್ಪು, ನಡುವೆ ಒಂದೇ ಒಂದು ಬೂದು. ಮುಖ, ಹೂವು ಯಾವುದೂ ಬೇಡ, ತುಂಡುಗಳಷ್ಟೇ. ಇಂಥವು ನಾಲ್ಕೈದು ಮಾಡಿ, ಪ್ರತಿಯೊಂದರಲ್ಲೂ ಬಿಳಿಯ ಜಾಗ ಬದಲಿಸಿ. ಒಂದರಲ್ಲಿ ಸೇವಂತಿಗೆ ರಾಶಿ ಬೆಳಗಲಿ, ಇನ್ನೊಂದರಲ್ಲಿ ಹೆಂಗಸಿನ ಕೈ ಮಾತ್ರ, ಮತ್ತೊಂದರಲ್ಲಿ ಒದ್ದೆ ನೆಲ.

ಕತ್ತಲ ಚಿತ್ರಕ್ಕೆ ನಾನು ಬಳಸುವ ಅಳತೆ ಇದು: ಹಾಳೆಯ ಹತ್ತರಲ್ಲಿ ಒಂದು ಪಾಲು ಶುದ್ಧ ಬಿಳಿ, ಆರು ಪಾಲು ಕಪ್ಪು ಅಥವಾ ಕಪ್ಪಿಗೆ ಹತ್ತಿರದ್ದು, ಉಳಿದ ಮೂರು ಪಾಲು ಬೂದು. ಶಾಸ್ತ್ರವಲ್ಲ, ಕೈಯಳತೆ. ಐದು ಪಾಲು ಕಪ್ಪು, ಐದು ಪಾಲು ಬಿಳಿ ಮಾಡಿದರೆ ಮಾತ್ರ ಕೆಡುತ್ತದೆ. ಕಣ್ಣಿಗೆ ಎತ್ತ ಹೋಗಬೇಕೆಂದೇ ತಿಳಿಯುವುದಿಲ್ಲ. ಬ್ಯಾಲೆನ್ಸ್ ಎಂದರೆ ಸಮಪಾಲು ಎಂದು ತಿಳಿದವರೇ ಜಾಸ್ತಿ. ಕತ್ತಲ ಚಿತ್ರದಲ್ಲಿ ಚಿಕ್ಕ ಬಿಳಿಯೊಂದು ದೊಡ್ಡ ಕಪ್ಪನ್ನು ತೂಗಿ ನಿಲ್ಲಿಸುತ್ತದೆ. ಬಿಳಿ ದೊಡ್ಡದಾದಷ್ಟೂ ಅದರ ತೂಕ ಇಳಿಯುತ್ತದೆ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಅಚ್ಚ ಬಿಳಿಯೂ ಅಚ್ಚ ಕಪ್ಪೂ ಒಂದಕ್ಕೊಂದು ತಾಗುವ ಜಾಗ ಎಷ್ಟಿದೆ? ಒಂದೋ ಎರಡೋ ಇರಲಿ, ಅಷ್ಟೇ. ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ನಮ್ಮ ಚಿತ್ರದಲ್ಲಿ ಅದು ಸೇವಂತಿಗೆ ರಾಶಿಯ ಮೇಲಂಚು, ಹಿಂದಿನ ಟಾರ್ಪಾಲಿನ ಕತ್ತಲಿಗೆ ತಾಗುವ ಕಡೆ. ಉಳಿದೆಲ್ಲ ಕಡೆ ಬಿಳಿಗೂ ಕಪ್ಪಿಗೂ ನಡುವೆ ಬೂದು ಇರಲಿ.

ಪೆನ್ಸಿಲ್ ಗುರುತು

ಎಚ್‌ಬಿ ಪೆನ್ಸಿಲ್ಲಿನಲ್ಲಿ ಹಗುರವಾಗಿ ರೂಪರೇಖೆ ಹಾಕಿ, ಜೊತೆಗೆ ಬಿಳಿ ಬಿಡಬೇಕಾದ ಜಾಗದ ಗಡಿಯನ್ನೂ ಗೆರೆ ಎಳೆದು ಗುರುತಿಸಿ. ಪೂರ್ತಿ ಕಪ್ಪಾಗುವ ಜಾಗದಲ್ಲಿ ಸಣ್ಣ ಅಡ್ಡಗುರುತು ಹಾಕಿ. ಕಾಮಿಕ್ಸ್ ಬರೆಯುವವರು ಮಸಿ ತುಂಬಬೇಕಾದ ಜಾಗಕ್ಕೆ ಹೀಗೆಯೇ ಮಾಡುತ್ತಾರೆ. ಪೆನ್ನು ಹಿಡಿದು ಒಂದು ಗಂಟೆಯಾದ ಮೇಲೆ ಕೈ ತನ್ನ ಪಾಡಿಗೆ ತಾನು ಗೀಚುತ್ತಾ ಹೋಗುತ್ತದೆ. ಆ ಹೊತ್ತಿಗೆ ಬೇಲಿ ಬೇಕು.

ನಿಮ್ಮ ಪೆನ್ನಿನ ಐದು ಮೆಟ್ಟಿಲು

ಬೇರೆ ಹಾಳೆಯಲ್ಲಿ ಐದು ಚೌಕ ಹಾಕಿ. ಒಂದನೆಯದು ಖಾಲಿ. ಎರಡನೆಯದಕ್ಕೆ ಅಂತರ ಬಿಟ್ಟು ಒಂದು ಪದರ ಗೆರೆ. ಮೂರನೆಯದಕ್ಕೆ ಅದೇ ಗೆರೆ ಇನ್ನಷ್ಟು ಒತ್ತಾಗಿ. ನಾಲ್ಕನೆಯದಕ್ಕೆ ಎರಡು ಪದರ, ಒಂದರ ಮೇಲೊಂದು ಓರೆಯಾಗಿ. ಐದನೆಯದು ಪೂರ್ತಿ ಕಪ್ಪು. ದೂರ ಹಿಡಿದು ನೋಡಿ. ಎರಡು ಚೌಕ ಒಂದೇ ತರಹ ಕಂಡರೆ ತಿದ್ದಿ. ಒಂಬತ್ತು ಮೆಟ್ಟಿಲು ಮಾಡಿಸುವವರೂ ಇದ್ದಾರೆ, ಪೆನ್ಸಿಲ್ಲಿಗೆ ಅದು ಸರಿ. ಪೆನ್ನಿನಲ್ಲಿ ಆರಕ್ಕೂ ಏಳಕ್ಕೂ ವ್ಯತ್ಯಾಸ ನಿಮಗೆ ಬಿಟ್ಟರೆ ಇನ್ನಾರಿಗೂ ಕಾಣುವುದಿಲ್ಲ. ಈ ಚೀಟಿಯನ್ನು ಚಿತ್ರದ ಪಕ್ಕದಲ್ಲೇ ಇಟ್ಟುಕೊಳ್ಳಿ.

ಮೊದಲ ಕಪ್ಪು ಎಲ್ಲಿ

ಸಾಮಾನ್ಯ ಸಲಹೆ ತೆಳುವಿನಿಂದ ಶುರುಮಾಡಿ ನಿಧಾನವಾಗಿ ಕಪ್ಪಿಗೆ ಹೋಗಿ ಎನ್ನುತ್ತದೆ. ಹಗಲಿನ ಚಿತ್ರಕ್ಕೆ ಒಪ್ಪುತ್ತೇನೆ. ಕತ್ತಲ ಚಿತ್ರಕ್ಕೆ ಒಪ್ಪುವುದಿಲ್ಲ. ಖಾಲಿ ಹಾಳೆಯ ಬಿಳುಪಿನ ನಡುವೆ ಒಂದು ಪದರ ಗೆರೆಯೇ ಕಡುಕಪ್ಪಾಗಿ ಕಾಣುತ್ತದೆ. ಅದನ್ನು ನಂಬಿ ಕೈ ಹಿಡಿದು ಬರೆದರೆ, ಕೊನೆಗೆ ಹಿನ್ನೆಲೆಗೆ ಕಪ್ಪು ತುಂಬಿದಾಗ ಅಷ್ಟೂ ಬೂದು ಏಕಾಏಕಿ ಬೆಳ್ಳಗಾಗಿ ನೀವು ಕಾದಿಟ್ಟ ಬಿಳಿಗೇ ಪೈಪೋಟಿ ಕೊಡುತ್ತದೆ.

ಇದು ಕಣ್ಣಿನ ಗುಣ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದ ರಸಾಯನ ವಿಜ್ಞಾನಿ ಮಿಷೆಲ್ ಷೆವ್ರಲ್ ಅವರ ಮುಂದೆ ಇಂಥದೇ ದೂರು ಬಂದಿತ್ತು: ನೀಲಿ, ನೇರಳೆ ನೇಯ್ಗೆಯ ಮಡಿಕೆಗಳಿಗೆ ಹಾಕುವ ಕಪ್ಪು ನೂಲಿನಲ್ಲಿ ಕಸುವಿಲ್ಲ ಎಂದು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ; ಪಕ್ಕದ ಬಣ್ಣದ ಸಹವಾಸದಿಂದ ಕಪ್ಪು ಸಪ್ಪೆ ಕಾಣುತ್ತಿತ್ತು.

ಹಾಗಾಗಿ ಹೂರಾಶಿಯ ಮೇಲಂಚಿಗೆ ತಾಗಿದ ಟಾರ್ಪಾಲಿನ ಒಂದಷ್ಟು ಜಾಗಕ್ಕೆ, ಅಂಗೈ ಅಗಲದಷ್ಟಾದರೂ, ಮೊದಲೇ ಬ್ರಷ್ಷಿನಲ್ಲಿ ಪೂರ್ತಿ ಕಪ್ಪು ತುಂಬಿ. ಅಂಚು ಹೂವಿನ ಆಕಾರದಲ್ಲಿ ಉಬ್ಬುತಗ್ಗಾಗಿರಲಿ. ಈಗ ಹಾಳೆಯಲ್ಲಿ ಕಡುಕಪ್ಪು ಯಾವುದು, ಅಚ್ಚ ಬಿಳಿ ಯಾವುದು ಎರಡೂ ನಿಗದಿಯಾದವು. ಮುಂದಿನ ಬೂದುಗಳನ್ನೆಲ್ಲ ಇವೆರಡರ ನಡುವೆ ಅಳೆಯಬಹುದು.

ಬೂದು ಕಟ್ಟುವುದು

ಗೆರೆಯಲ್ಲಿ ಬೂದು ಕಾಣುವುದು ಗೆರೆಯಿಂದಲ್ಲ, ಎರಡು ಗೆರೆಗಳ ನಡುವೆ ಉಳಿದ ಹಾಳೆಯಿಂದ. ಆ ಸಂದು ಉಸಿರಾಡುತ್ತಿರುವಷ್ಟು ಹೊತ್ತು ನೆರಳಿಗೂ ಜೀವ ಇರುತ್ತದೆ.

ಎರಡನೇ ಪದರವನ್ನು ಮೊದಲನೆಯದಕ್ಕೆ ನೇರ ಅಡ್ಡವಾಗಿ ಎಳೆಯಬೇಡಿ, ಕಿಟಕಿಯ ಸೊಳ್ಳೆ ಪರದೆ ತಯಾರಾಗುತ್ತದೆ. ಸ್ವಲ್ಪವೇ ಓರೆ ಮಾಡಿ, ಮೂವತ್ತು ಡಿಗ್ರಿ ಸುಮಾರಿಗೆ. ಆಗ ನಡುವೆ ಉಳಿಯುವ ಬಿಳಿ ತುಣುಕುಗಳು ಉದ್ದುದ್ದ ವಜ್ರದ ಆಕಾರ ತಾಳಿ ಮೇಲ್ಮೈ ಬಾಗಿದಂತೆ ಕಾಣುತ್ತದೆ. ಮೊದಲ ಪದರ ಒಣಗುವವರೆಗೆ ಬೇರೆ ಮೂಲೆಯಲ್ಲಿ ಕೆಲಸ ಮಾಡಿ. ಹಸಿ ಗೆರೆಯ ಮೇಲೆ ಹೋದರೆ ಕೂಡುವ ಪ್ರತಿ ಜಾಗದಲ್ಲೂ ಮಸಿ ಚುಕ್ಕೆ ಕಟ್ಟುತ್ತದೆ.

ದೊಡ್ಡ ಜಾಗಕ್ಕೆ ಗೆರೆ ತುಂಬುವಾಗ ಕಂತುಕಂತಾಗಿ ಎಳೆಯುತ್ತೇವೆ. ಒಂದು ಕಂತು ಮುಗಿದು ಇನ್ನೊಂದು ಶುರುವಾಗುವಲ್ಲಿ ತುದಿಗಳು ಒಂದರ ಮೇಲೊಂದು ಬಿದ್ದು ಕಪ್ಪು ಪಟ್ಟಿ ಮೂಡುತ್ತದೆ. ಹಾಗಾಗದಿರಲು ತುದಿಗಳನ್ನು ಒಂದೇ ಸಾಲಿಗೆ ನಿಲ್ಲಿಸಬೇಡಿ, ಒಂದು ಗೆರೆ ಮುಂದೆ, ಇನ್ನೊಂದು ಹಿಂದೆ ಇರಲಿ. ಬೆಳಕಿನ ಕಡೆಗೆ ಸಾಗುವ ಗೆರೆಯ ಕೊನೆಯಲ್ಲಿ ಪೆನ್ನನ್ನು ಎತ್ತುತ್ತಾ ಬಿಡಿ; ತುದಿ ಸಣ್ಣಗಾಗಿ ಮಾಯವಾಗುತ್ತದೆ, ನೆರಳಿನ ಅಂಚು ಮೆತ್ತಗಾಗುತ್ತದೆ.

ಯಾವ ಅಂಚು ಮೆತ್ತಗಿರಬೇಕು, ಯಾವುದು ಹರಿತ? ಬುಟ್ಟಿಯ ನೆರಳು ಬುಟ್ಟಿಗೆ ತಾಗಿರುವ ಕಡೆ ಹರಿತ, ದೂರ ಹೋದಂತೆ ಮೆತ್ತಗೆ. ಬರಿಯ ಬಲ್ಬು ಚಿಕ್ಕದಾದ್ದರಿಂದ ನೆರಳು ಒಟ್ಟಾರೆ ಹರಿತ. ಪಕ್ಕದ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಇದ್ದರೆ ಅದು ಉದ್ದದ ದೀಪ, ಅದರ ನೆರಳು ಹರಡಿಕೊಳ್ಳುತ್ತದೆ. ಎರಡೂ ದೀಪ ಒಂದೇ ಚಿತ್ರದಲ್ಲಿದ್ದರೆ ಟ್ಯೂಬ್‌ಲೈಟನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಿ. ಇರುವುದನ್ನೆಲ್ಲ ಬರೆಯಬೇಕೆಂಬ ಕರಾರಿಲ್ಲ.

ಹಿನ್ನೆಲೆಯ ಕತ್ತಲಿಗೆ ಗೆರೆ ಒಂದೇ ದಿಕ್ಕಿನಲ್ಲಿ ಸಪಾಟಾಗಿರಲಿ. ಬೆಳಕು ಬಿದ್ದ ವಸ್ತುವಿನ ಮೇಲೆ ಗೆರೆ ಅದರ ಮೈಯನ್ನು ಸುತ್ತಿ ಹೋಗಲಿ. ಈ ವ್ಯತ್ಯಾಸ ಒಂದರಿಂದಲೇ ಹಿಂದಿನದು ಹಿಂದೆ ಸರಿಯುತ್ತದೆ.

ಸೇವಂತಿಗೆ ರಾಶಿ, ಹತ್ತಿರದಿಂದ

ರಾಶಿಯಲ್ಲಿ ಸಾವಿರ ಹೂವಿರಬಹುದು. ಬರೆಯಬೇಕಾದದ್ದು ಏಳೆಂಟು. ಬಲ್ಬಿಗೆ ಹತ್ತಿರದ ನೆತ್ತಿಯಲ್ಲಿ ಏನೂ ಬೇಡ, ಬಿಳಿ ಹಾಳೆ. ಹಿಂದಿನ ಕಪ್ಪಿನ ಅಂಚೇ ಅಲ್ಲಿ ಹೂವಿನ ಆಕಾರ ಹೇಳುತ್ತದೆ. ಅದಕ್ಕಿಂತ ಸ್ವಲ್ಪ ಕೆಳಗೆ, ಬೆಳಕು ನೆರಳಿಗೆ ತಿರುಗುವ ಜಾಗದಲ್ಲಿ, ಆ ಏಳೆಂಟು ಹೂಗಳ ಎಸಳನ್ನು 01 ಪೆನ್ನಿನಲ್ಲಿ ಬಿಡಿಬಿಡಿಯಾಗಿ ತೋರಿಸಿ. ಮೇಲ್ಮೈಯ ಒರಟುತನ ಕಣ್ಣಿಗೆ ಚೆನ್ನಾಗಿ ಕಾಣುವುದು ಬೆಳಕು ಓರೆಯಾಗಿ ಸವರಿ ಹೋಗುವ ಇಂಥ ಪಟ್ಟಿಯಲ್ಲೇ. ಅದರ ಕೆಳಗೆ ಎಸಳು ಬೇಡ, ಅರ್ಧಚಂದ್ರದಂಥ ಗೀಟುಗಳು ಸಾಕು. ಇನ್ನೂ ಕೆಳಗೆ ನೆರಳಿನಲ್ಲಿ ಕ್ರಮವೇ ತಲೆಕೆಳಗು: ಹೂವನ್ನು ಬರೆಯಬೇಡಿ, ಹೂಗಳ ನಡುವಿನ ಸಂದುಗಳಿಗೆ ಮಾತ್ರ ಕಪ್ಪು ತುಂಬಿ, ಮೇಲೊಂದು ಪದರ ಸಪಾಟು ಗೆರೆ ಎಳೆದುಬಿಡಿ. ನೋಡುವವರು ಮೇಲಿನ ಏಳೆಂಟನ್ನು ಕಂಡು ಉಳಿದ ಸಾವಿರವನ್ನು ತಾವೇ ಕಲ್ಪಿಸಿಕೊಳ್ಳುತ್ತಾರೆ.

ಹೂ ಕಟ್ಟುವ ಕೈ ಇನ್ನೂ ನಾಜೂಕು. ಬೆರಳಿಂದ ಬೆರಳಿಗೆ ಬಿಗಿದ ನೂಲು ಬೆಳಕಿನಲ್ಲಿ ಮಿನುಗುತ್ತದೆ. ಅದನ್ನು ಗೆರೆಯಾಗಿ ಎಳೆದರೆ ಕಪ್ಪು ನೂಲಾಗುತ್ತದೆ. ಪೆನ್ಸಿಲ್ಲಿನಲ್ಲಿ ಒತ್ತೊತ್ತಾಗಿ ಎರಡು ಗೆರೆ ಎಳೆದು, ಅವುಗಳ ಆಚೀಚೆ ಸೀರೆಯ ನೆರಳು ತುಂಬಿಕೊಂಡು ಬನ್ನಿ. ನಡುವೆ ಅರ್ಧ ಮಿ.ಮೀ. ಹಾಳೆ ನೂಲಾಗಿ ಉಳಿಯುತ್ತದೆ. ಬಳೆಯ ಮಿನುಗು, ಮೂಗುತಿ, ತಕ್ಕಡಿಯ ಅಂಚು ಎಲ್ಲಕ್ಕೂ ಇದೇ ದಾರಿ. ಆದರೆ ಎಲ್ಲವನ್ನೂ ಮಿನುಗಿಸಬೇಡಿ. ನೂಲು ಮಿನುಗಿದರೆ ಬಳೆ ಸುಮ್ಮನಿರಲಿ.

ಕಪ್ಪಿನೊಳಗೆ ಕಪ್ಪು

ಹಿಂದೆ ಹಾದುಹೋಗುವ ಹಮಾಲಿ ಕತ್ತಲಲ್ಲಿದ್ದಾನೆ, ಅವನ ಹಿಂದೆಯೂ ಕತ್ತಲೆ. ಸುತ್ತ ಔಟ್‌ಲೈನ್ ಎಳೆದರೆ ಕತ್ತರಿಸಿ ಅಂಟಿಸಿದ ಬೊಂಬೆಯಾಗುತ್ತಾನೆ. ಬಲ್ಬಿನ ಕಡೆಯ ಭುಜ, ಮೂಟೆಯ ಒಂದು ಅಂಚು, ಮೊಣಕಾಲಿನ ಒಂದು ಗುರುತು, ಇಷ್ಟನ್ನು ಸಣ್ಣ ಬಿಳಿ ಎಳೆಯಾಗಿ ಬಿಟ್ಟು ಉಳಿದ ಮೈಯನ್ನು ಹಿನ್ನೆಲೆಗೆ ಸೇರಿಸಿಬಿಡಿ. ಎಲ್ಲಿ ಮನುಷ್ಯ ಮುಗಿದು ಎಲ್ಲಿ ಕತ್ತಲೆ ಶುರುವಾಯಿತೆಂದು ತಿಳಿಯದೇ ಹೋದರೆ ಒಳ್ಳೆಯದೇ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರಿಗೆ ಕಾಗೆ ಬರೆಯುವ ಗೀಳಿತ್ತು. ಕಪ್ಪು ಹಕ್ಕಿಯ ಮೇಲೆ ಬೆಳಕು ತೋರಿಸುವುದು ಇದೇ ಸಮಸ್ಯೆ. ಒಂದು ಕಾಗೆಯನ್ನು ನೀವೂ ಕೂತು ಬರೆದು ನೋಡಿ, ರೆಕ್ಕೆಯ ಮೇಲೆ ಎಷ್ಟು ಕಮ್ಮಿ ಬಿಳಿ ಸಾಕು ಎನ್ನುವುದು ಗೊತ್ತಾಗುತ್ತದೆ.

ನೆರಳಿನೊಳಗೆ ತಿರುಗಿ ಬಂದ ಬೆಳಕೂ ಇರುತ್ತದೆ. ಒದ್ದೆ ನೆಲದಿಂದ ಎದ್ದ ಬೆಳಕು ಬುಟ್ಟಿಯ ಕೆಳಹೊಟ್ಟೆಯನ್ನು ಮಸುಕಾಗಿ ಬೆಳಗುತ್ತದೆ. ಅಲ್ಲೊಂದು ಪದರ ಗೆರೆ ಕಮ್ಮಿ ಹಾಕಿದರೆ ಬುಟ್ಟಿ ದುಂಡಾಗುತ್ತದೆ. ಆದರೆ ಅದು ಮೂರನೇ ಮೆಟ್ಟಿಲು ದಾಟಿ ಬೆಳ್ಳಗಾಗಕೂಡದು. ಈ ಬೆಳಕು ಸಿಕ್ಕಿತೆಂಬ ಖುಷಿಯಲ್ಲಿ ಅದನ್ನು ಹೆಚ್ಚಿಸಿ ಬುಟ್ಟಿಯನ್ನು ಸ್ಟೀಲ್ ಪಾತ್ರೆ ಮಾಡುವವರೇ ಬಹಳ.

ಒದ್ದೆ ನೆಲದಲ್ಲಿ ಬಲ್ಬಿನ ಪ್ರತಿಬಿಂಬ ನೇರ ಕೆಳಕ್ಕೆ, ನಿಮ್ಮ ಕಡೆಗೆ, ಮುರಿದ ಪಟ್ಟಿಯಾಗಿ ಇಳಿಯುತ್ತದೆ. ಪಟ್ಟಿಯ ಸುತ್ತ ಅಡ್ಡಗೆರೆ ತುಂಬಿ, ಅದನ್ನು ಅಲ್ಲಲ್ಲಿ ಕತ್ತರಿಸಿ. ಹತ್ತು ನಿಮಿಷದ ಕೆಲಸ, ಫಲ ಮಾತ್ರ ದೊಡ್ಡದು.

ನಡುವೆ ನಿಲ್ಲಿಸಿ ನೋಡಿ

ಮುಕ್ಕಾಲು ಭಾಗ ಮುಗಿದಾಗ ಪೆನ್ನು ಕೆಳಗಿಡಿ. ಹಾಳೆಯನ್ನು ಗೋಡೆಗೆ ಆನಿಸಿ ಕೋಣೆಯ ಆಚೆ ತುದಿಗೆ ಹೋಗಿ. ತಲೆಕೆಳಗು ಮಾಡಿ ನೋಡಿ. ಕಾರ್ಡಿನಷ್ಟು ಚಿಕ್ಕ ಚಿತ್ರದ ಪಕ್ಕ ಇಟ್ಟು ನೋಡಿ. ತುಂಡುಗಳು ಅದರಲ್ಲಿದ್ದಂತೆಯೇ ಇವೆಯೇ, ಇಲ್ಲ ಬೂದು ಎಲ್ಲವನ್ನೂ ನುಂಗಿದೆಯೇ? ಸಾಮಾನ್ಯವಾಗಿ ನುಂಗಿರುತ್ತದೆ. ಆಗ ಮಾಡಬೇಕಾದ್ದು ಬಿಳಿಯನ್ನು ಹೆಚ್ಚಿಸುವುದಲ್ಲ, ಅದು ಆಗದ ಮಾತು. ಕಪ್ಪಿಗೆ ಹತ್ತಿರವಿರುವ ಬೂದುಗಳನ್ನು ಪೂರ್ತಿ ಕಪ್ಪಿಗೆ ತಳ್ಳಿ. ಟಾರ್ಪಾಲಿನ ಮಡಿಕೆ ಎಷ್ಟೇ ಚೆನ್ನಾಗಿ ಬಂದಿದ್ದರೂ ಬೇಡವಾದರೆ ಅದರ ಮೇಲೆ ಬ್ರಷ್ ಎಳೆಯಬೇಕು. ಕಷ್ಟ, ಗೊತ್ತು.

ಡಚ್ ಚಿತ್ರಕಾರ ರೆಂಬ್ರಾಂಟ್ 1653ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ 'ಮೂರು ಶಿಲುಬೆಗಳು' ಚಿತ್ರ ನೋಡಿ. ಮೊದಲ ಅಚ್ಚುಗಳಲ್ಲಿ ಗುಂಪಿನ ಜನರೆಲ್ಲ ಸ್ಪಷ್ಟವಾಗಿದ್ದಾರೆ. ಆಮೇಲೆ ಅದೇ ತಗಡಿನ ಮೇಲೆ ಉದ್ದುದ್ದ ಗೆರೆ ಕೊರೆದು ಅವರಲ್ಲಿ ಬಹುಪಾಲು ಜನರನ್ನು ಕತ್ತಲಲ್ಲಿ ಮುಳುಗಿಸಿಬಿಟ್ಟರು. ಉಳಿದದ್ದು ನಡುವಿನ ಶಿಲುಬೆಯ ಮೇಲೆ ಬೀಳುವ ಬೆಳಕು. ಎರಡೂ ಅಚ್ಚುಗಳ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ಪಕ್ಕಪಕ್ಕ ಇಟ್ಟುಕೊಂಡು ಒಂದು ಸಂಜೆ ಕಳೆಯಬಹುದು.

ಬಿಳಿ ಕಳೆದುಹೋದರೆ

ಬಿಳಿ ಜೆಲ್ ಪೆನ್ನು ಚುಕ್ಕೆಗೆ, ಕೂದಲೆಳೆಗೆ ಸರಿ. ಅದರಲ್ಲಿ ಜಾಗ ತುಂಬಲು ಹೋಗಬೇಡಿ, ಹಾಳೆಯ ಬಿಳಿಯ ಪಕ್ಕ ನೀಲಿಛಾಯೆ ಹೊಡೆದು ತೇಪೆ ಹಾಕಿದ್ದು ಗೊತ್ತಾಗುತ್ತದೆ. ಕೆಳಗಿನ ಕಪ್ಪು ಪೂರ್ತಿ ಒಣಗಿರಬೇಕು. ಸ್ವಲ್ಪ ದೊಡ್ಡ ಜಾಗಕ್ಕೆ ಬಿಳಿ ಪೋಸ್ಟರ್ ಕಲರ್ ತೆಳ್ಳಗೆ ಎರಡು ಸಲ. ಹಾಳೆ 250 ಜಿಎಸ್‌ಎಂ ಮೇಲ್ಪಟ್ಟಿದ್ದರೆ ಹೊಸ ಬ್ಲೇಡಿನ ಮೂಲೆಯಿಂದ ಮೆಲ್ಲಗೆ ಕೆರೆದು ಸಣ್ಣ ಮಿನುಗು ತೆಗೆಯಬಹುದು. ಕೆರೆದ ಮೇಲೆ ಅಲ್ಲಿ ಮತ್ತೆ ಮಸಿ ಹಚ್ಚಬೇಡಿ, ಹರಡುತ್ತದೆ.

ಅಭ್ಯಾಸಕ್ಕೆ ಊರಿನಲ್ಲೇ

ಲಾಲ್‌ಬಾಗಿನ ಗಾಜಿನ ಮನೆ ಚೆಂದ, ಆದರೆ ಈ ಅಭ್ಯಾಸಕ್ಕೆ ಕೆಟ್ಟ ಜಾಗ. ಎಲ್ಲ ಕಡೆಯಿಂದ ಬೆಳಕು ಬಂದು ನೆರಳೇ ನಿಲ್ಲುವುದಿಲ್ಲ. ಟಿಪ್ಪು ಬೇಸಿಗೆ ಅರಮನೆಯ ಮರದ ಕಂಬಗಳ ಸಾಲು ಬೆಳಿಗ್ಗೆ ಹೊತ್ತು ಹೇಳಿ ಮಾಡಿಸಿದಂತಿದೆ, ಮುಂದಿನ ಕಂಬ ಬಿಸಿಲಲ್ಲಿ, ಹಿಂದಿನದು ಕತ್ತಲಲ್ಲಿ. ಗವಿಪುರದ ಗಂಗಾಧರೇಶ್ವರ ಗುಡಿಯ ಒಳಗೆ ಬಂಡೆಯ ಕತ್ತಲಿನ ನಡುವೆ ದೀಪ ಒಂದೇ ಬೆಳಕು. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದು ಅಲ್ಲಿಯೇ. ಆದರೆ ಆ ದಿನ ಬರೆಯುವ ಆಸೆ ಬೇಡ, ನಿಲ್ಲಲೂ ಜಾಗ ಸಿಗುವುದಿಲ್ಲ. ಬೇರೆ ದಿನ ಹೋಗಿ ನೋಡಿ ಬನ್ನಿ, ಮನೆಗೆ ಬಂದು ನೆನಪಿನಿಂದ ಬರೆಯಿರಿ. ನೆನಪು ಬೇಡದ ವಿವರವನ್ನು ತಾನೇ ಕಳಚಿಹಾಕುತ್ತದೆ. ಎಲ್ಲಿಗೂ ಹೋಗಲಾಗದವರು ರಾತ್ರಿ ಕರೆಂಟು ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಮೇಣದಬತ್ತಿ ಹಚ್ಚಿ, ಚೊಂಬು ಮತ್ತು ಈರುಳ್ಳಿ ಇಟ್ಟುಕೊಂಡು ಕೂರಬಹುದು.

ಸ್ಕ್ಯಾನ್ ಮಾಡುವಾಗ

ಪೆನ್ಸಿಲ್ ಗುರುತನ್ನು ಅಳಿಸಲು ಅವಸರ ಬೇಡ. ಒಂದು ರಾತ್ರಿ ಬಿಟ್ಟು ಮೆತ್ತನೆ ರಬ್ಬರಿನಿಂದ ಅಳಿಸಿ. ಉಜ್ಜಿದಾಗ ಕಪ್ಪು ಸ್ವಲ್ಪ ಮಂಕಾಗುತ್ತದೆ, ದೊಡ್ಡ ಕಪ್ಪಿನ ಮೇಲೆ ಇನ್ನೊಂದು ಪದರ ಹಚ್ಚಿಬಿಡಿ. ಸ್ಕ್ಯಾನರಿನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕೆ), ಗ್ರೇಸ್ಕೇಲ್ ಆರಿಸಿ. ಬ್ಲ್ಯಾಕ್ ಅಂಡ್ ವೈಟ್ ಎಂಬ ಆಯ್ಕೆ ಸಣ್ಣ ಗೆರೆಗಳನ್ನು ತಿಂದುಹಾಕುತ್ತದೆ. ಮೊಬೈಲಿನಲ್ಲೇ ತೆಗೆಯುವುದಾದರೆ ಹಗಲು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ತೆಗೆಯಿರಿ. ದೀಪದ ಕೆಳಗೆ ತೆಗೆದರೆ ಮಸಿ ಹೊಳೆದು ಕಪ್ಪು ಬೂದಾಗಿ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಹಾಕುವ ಮುಂಚೆ ಚಿತ್ರವನ್ನು ಫೋನಿನ ಪರದೆಯ ಅಳತೆಗೆ ಕುಗ್ಗಿಸಿ ನೋಡಿ. ಒತ್ತಾದ ಗೆರೆಗಳು ಕುಗ್ಗಿದಾಗ ಒಂದಕ್ಕೊಂದು ಅಂಟಿ ನಾಲ್ಕನೇ ಮೆಟ್ಟಿಲು ಐದನೆಯದಾಗುತ್ತದೆ, ಕೆಲವು ಸಲ ಅಲೆಅಲೆಯಾದ ಪಟ್ಟಿಗಳೂ ಮೂಡುತ್ತವೆ. ಹಾಗಾದರೆ ಇಡೀ ಚಿತ್ರದ ಬದಲು ಹೂರಾಶಿ ಮತ್ತು ಕೈ ಇರುವ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದಾಗಿ ಹಾಕಿ, ಪೂರ್ತಿ ಚಿತ್ರವನ್ನು ಎರಡನೆಯದಾಗಿ ಜೋಡಿಸಿ.